ನಕ್ಷೆಯಲ್ಲಿ ಬರೆದ ಅಂಕಿ

ಮನೆ ಕಟ್ಟಿಸಲು ಹೊರಟವರ ಕೈಗೆ ಬರುವ ನಕ್ಷೆಯ ಮೂಲೆಯಲ್ಲಿ ಸಣ್ಣ ಅಕ್ಷರಗಳಿಂದ ಒಂದು ಸೂಚನೆ ಇರುವುದುಂಟು. ಹಾಳೆಯ ಮೇಲೆ ಅಳತೆಗೋಲಿಟ್ಟು ಅಳೆಯಕೂಡದು, ಬರೆದ ಅಂಕಿಯನ್ನೇ ಅನುಸರಿಸತಕ್ಕದ್ದು ಎಂಬುದು ಅದರ ತಾತ್ಪರ್ಯ. ಕಾಗದವು ಹಿಗ್ಗುತ್ತದೆ, ಕುಗ್ಗುತ್ತದೆ. ಅಚ್ಚು ತೆಗೆಯುವಾಗ ಪ್ರಮಾಣವು ಕೊಂಚ ಹೆಚ್ಚುಕಡಮೆಯಾಗುತ್ತದೆ. ಆದುದರಿಂದ ಈ ನಿಯಮವು ಯುಕ್ತವೇ ಸರಿ. ಆದರೆ ಇದರ ಫಲವೇನೆಂದರೆ, ಗೋಡೆ ಕಟ್ಟುವ ಗಾರೆಯವನೂ ಮರ ಕೊಯ್ಯುವ ಬಡಗಿಯೂ ಕಣ್ಣಿಗೆ ಕಾಣುವ ಗೆರೆಯನ್ನು ಬಿಟ್ಟು, ಗೆರೆಯ ಮೇಲೆ ಬರೆದ ಮಾತನ್ನೇ ನಂಬಬೇಕಾಗುತ್ತದೆ. ಆ ಮಾತೇ ಸುಳ್ಳಾದರೆ ಅವರ ಪಾಡೇನು?

ಹಿಂದೆ ಈ ಅಂಕಿಗಳನ್ನು ನಕ್ಷೆಗಾರನು ಕೈಯಿಂದಲೇ ಬರೆಯುತ್ತಿದ್ದನು. ಈಗ ಆ ಕೆಲಸವು ಗಣಕಯಂತ್ರಕ್ಕೆ ಸಂದಿದೆ. ಇದಕ್ಕಾಗಿ ಕಚೇರಿಗಳಲ್ಲಿ ಬಳಕೆಯಲ್ಲಿರುವ ಆಟೊಕ್ಯಾಡ್ ಎಂಬ ಸಾಧನವು ಅಮೆರಿಕದಲ್ಲಿ 1982ರಲ್ಲಿ ಮೊದಲು ಹೊರಬಂದಿತು. ಅದರಲ್ಲಿ ಎರಡು ಬಿಂದುಗಳನ್ನು ತೋರಿಸಿ ಅಳತೆ ಬರೆಯೆಂದರೆ, ಯಂತ್ರವು ನಡುವಣ ದೂರವನ್ನು ತಾನೇ ಅಳೆದು ಅಂಕಿಯನ್ನು ಬರೆಯುತ್ತದೆ. ಅಷ್ಟೇ ಅಲ್ಲ, ಗೋಡೆಯನ್ನೂ ಅದರ ಅಳತೆಯ ಗೆರೆಯನ್ನೂ ಒಟ್ಟಿಗೆ ಎಳೆದು ಸರಿಸಿದರೆ ಅಂಕಿಯೂ ತಾನಾಗಿಯೇ ಬದಲಾಗುತ್ತದೆ. ಯಜ್ಞವೇದಿಗಳನ್ನು ಅಳೆಯುವ ವಿಧಿಯನ್ನು ಹೇಳುವ ಶುಲ್ಬಸೂತ್ರಗಳನ್ನು ಬಾಲ್ಯದಲ್ಲಿ ಅಷ್ಟಿಷ್ಟು ಓದಿದ್ದ ನನಗೆ ಈ ಏರ್ಪಾಡು ಬಹಳ ಹಿಡಿಸಿತು. ಶುಲ್ಬವೆಂದರೆ ಹಗ್ಗ. ಹಗ್ಗದಲ್ಲಿ ಅಳತೆ ಬೇರೆ, ವಸ್ತು ಬೇರೆ ಎಂಬ ಭೇದವಿಲ್ಲ. ಹಗ್ಗವು ಎಷ್ಟುದ್ದವೋ ಅಷ್ಟೇ ಅದು ಹೇಳುವ ಮಾತು. ಕಾಗದ ಬಂದ ಮೇಲೆ ಅಗಲಿದ್ದ ಆ ಎರಡನ್ನು ಯಂತ್ರವು ಪುನಃ ಕೂಡಿಸಿತೆಂದು ನಾನು ಸಂತೋಷಪಟ್ಟೆನು.

ಆದರೆ ಯಂತ್ರವು ಬರೆದ ಅಂಕಿಯನ್ನು ಅಳಿಸಿ ಮನುಷ್ಯನು ತನ್ನ ಅಂಕಿಯನ್ನು ಬರೆಯುವುದಕ್ಕೂ ಅದರಲ್ಲಿ ಅವಕಾಶವಿದೆ. ಒಮ್ಮೆ ಹಾಗೆ ಬರೆದರಾಯಿತು, ಗೋಡೆಯು ಎತ್ತ ಸರಿದರೂ ಆ ಅಂಕಿಯು ಕದಲದು.

ಕಳೆದ ವರ್ಷ ನಮ್ಮ ಊರಿನಲ್ಲಿ ಒಂದು ಮನೆ ಏಳುತ್ತಿತ್ತು. ಪಟ್ಟಣದ ಒಂದು ಕಚೇರಿಯವರು ನಕ್ಷೆಯನ್ನು ಬರೆದುಕೊಟ್ಟಿದ್ದರು. ಕೋಣೆಯ ಒಳಗಿನ ಉದ್ದ 3900 ಮಿಲಿಮೀಟರು. ಮೊದಲಿನ ನಕ್ಷೆಯಲ್ಲಿ ನಡುವೆ 1350ರ ಕಿಟಕಿ, ಎಡಬಲದಲ್ಲಿ 1275ರಷ್ಟು ಗೋಡೆ. ಮನೆಯಾಕೆಯು ಬೆಳಕು ಸಾಲದೆಂದುದರಿಂದ ಕಿಟಕಿಯನ್ನು 1500ಕ್ಕೆ ಅಗಲಮಾಡಿ, ಇಕ್ಕೆಲದ ಗೋಡೆಗಳನ್ನು 1200ಕ್ಕೆ ಇಳಿಸಿದರು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಕಿಟಕಿಯ ಅಳತೆಯ ಜೊತೆಯಲ್ಲಿ ಅದರ ಗುರುತನ್ನೂ ಮರದ ಹೆಸರನ್ನೂ ಕಾಣಿಸಬೇಕೆಂದು ಅಲ್ಲಿಯ ನಕ್ಷೆಗಾರನು ಮೊದಲೇ ಯಂತ್ರದ ಅಂಕಿಯನ್ನು ಅಳಿಸಿ, 1350 ಎಂಬುದನ್ನೂ ಸೇರಿಸಿ ಎಲ್ಲವನ್ನೂ ಕೈಯಾರೆ ಬರೆದುಬಿಟ್ಟಿದ್ದನು. ಕಿಟಕಿಯು ಬೆಳೆಯಿತು, ಬರಹವು ಬೆಳೆಯಲಿಲ್ಲ. ಅದೇ ಕಿಟಕಿಯನ್ನು ನಕಲು ಮಾಡಿ ಮೂರು ಕೋಣೆಗಳಲ್ಲಿಟ್ಟುದರಿಂದ ಅಸತ್ಯವೂ ಮೂರು ಪಾಲಾಯಿತು.

ಗಾರೆಯವನು ಇಕ್ಕೆಲದ ಗೋಡೆಗಳ ಅಂಕಿಯನ್ನು ಓದಿ ಕಟ್ಟಿದನು. ಅವು ಯಂತ್ರವೇ ಬರೆದ ಅಂಕಿಗಳು, ಸರಿಯಾಗಿದ್ದುವು. ಬಡಗಿಯು ಕಿಟಕಿಯ ಅಂಕಿಯನ್ನು ಓದಿ ಚೌಕಟ್ಟನ್ನು ಮಾಡಿದನು. ತಂದು ನಿಲ್ಲಿಸಿದಾಗ ನಡುವೆ 150 ಮಿಲಿಮೀಟರು, ಎಂದರೆ ಹೆಚ್ಚುಕಡಮೆ ಆರಂಗುಲದ ಸಂದು ಉಳಿಯಿತು. ಉದ್ದವಾದ ಮರವನ್ನು ಮೊಟಕು ಮಾಡಬಹುದು. ಮೊಟಕಾದುದನ್ನು ಉದ್ದಮಾಡುವ ಬಡಗಿಯು ಇನ್ನೂ ಹುಟ್ಟಿಲ್ಲ. ಮರವಾದರೂ ಎಂತಹದು? ಯಜಮಾನರ ತಂದೆಯವರು ಹಿತ್ತಿಲಿನಲ್ಲಿ ನೆಟ್ಟು ಬೆಳೆಸಿದ ಹಲಸು.

ಕಚೇರಿಯವರನ್ನು ವಿಚಾರಿಸಿದರೆ, ಯಂತ್ರವು ತಪ್ಪುವುದಿಲ್ಲ, ಬಡಗಿಯು ಹಳೆಯ ಹಾಳೆಯನ್ನು ನೋಡಿರಬೇಕೆಂದು ಉತ್ತರ ಬಂದಿತು. ಯಜಮಾನರು ಕೂಲಿಯನ್ನು ತಡೆಹಿಡಿದರು. ಆಚಾರಿಯು ಆ ಸಂಜೆ ಹಾಳೆಯನ್ನು ಸುರುಳಿ ಸುತ್ತಿಕೊಂಡು ನಮ್ಮ ಜಗುಲಿಗೆ ಬಂದು, “ಮೇಷ್ಟ್ರೇ, ದುಡ್ಡು ಹೋದರೆ ಹೋಗಲಿ. ಅಳತೆ ತಿಳಿಯದವನು ಅಂತ ಹೆಸರು ಬಂದರೆ ನಾಳೆ ನನ್ನನ್ನು ಯಾರು ಕರೀತಾರೆ?” ಎಂದನು. ಮೂವತ್ತು ವರ್ಷ ಉಳಿ ಹಿಡಿದ ಕೈ ಹಾಳೆಯನ್ನು ಬಿಚ್ಚುವಾಗ ನಡುಗುತ್ತಿತ್ತು. ಹಾಳೆಯು ಹೊಸದೇ, ಅದರಲ್ಲಿ 1350 ಎಂದೇ ಇತ್ತು.

ನನ್ನ ತಮ್ಮನ ಮಗಳು ಶಿವಮೊಗ್ಗದಲ್ಲಿ ಇಂತಹ ನಕ್ಷೆಗಳನ್ನು ಬರೆಯುವ ಉದ್ಯೋಗದಲ್ಲಿರುವಳು. ರಜೆಗೆ ಬಂದವಳು ಯಜಮಾನರಿಂದ ನಕ್ಷೆಯ ಕಡತವನ್ನು ತರಿಸಿಕೊಂಡು ತನ್ನ ಯಂತ್ರದಲ್ಲಿ ತೆರೆದಳು. “ದೊಡ್ಡಪ್ಪ, ಇಲ್ಲಿ ನೋಡಿ. ಗೆರೆ ಸಾವಿರದೈನೂರು ಅನ್ನುತ್ತೆ, ಬರಹ ಬೇರೆ ಹೇಳುತ್ತೆ” ಎಂದು ತೋರಿಸಿದಳು. ಬಡಗಿಯು ನಿರ್ದೋಷಿಯೆಂಬುದು ಅಷ್ಟರಲ್ಲಿ ಸಿದ್ಧವಾಯಿತು. ಯಜಮಾನರು ಸಜ್ಜನರು, ಕಣ್ಣಾರೆ ಕಂಡ ಮೇಲೆ ಮರುದಿನವೇ ಕೂಲಿಯನ್ನು ತೆತ್ತರು. ಕಚೇರಿಯವರು ಏನೂ ತೆರಲಿಲ್ಲ.

ಇದು ಹೇಗಾಯಿತೆಂದು ಅವಳು ವಿವರಿಸತೊಡಗಿದಾಗ, ನಾನು ಮೂವತ್ತು ವರ್ಷ ಮಕ್ಕಳಿಗೆ ಹೇಳಿದ ವ್ಯಾಕರಣವನ್ನೇ ಯಾರೋ ನನಗೆ ತಿರುಗಿ ಹೇಳುತ್ತಿರುವಂತೆ ತೋರಿತು. ಲೋಪ, ಆಗಮ, ಆದೇಶಗಳನ್ನು ವಾಚಕರು ಮರೆತಿರಲಾರರು. ಊರಲ್ಲಿ ಎಂಬಲ್ಲಿ ಉಕಾರವು ಮಾಯವಾಗುವುದು ಲೋಪ. ಮನೆಯಲ್ಲಿ ಎಂಬಲ್ಲಿ ಇದ್ದುದೆಲ್ಲವೂ ಇದ್ದಂತೆಯೇ ಇದ್ದು, ನಡುವೆ ಯಕಾರವು ಬಂದು ಕುಳಿತುಕೊಳ್ಳುವುದು ಆಗಮ. ಮಳೆಗಾಲ ಎಂಬಲ್ಲಿ ಗಕಾರವು ಕಕಾರವನ್ನು ಓಡಿಸಿ ಅದರ ಸ್ಥಾನವನ್ನು ಆಕ್ರಮಿಸುವುದು ಆದೇಶ. ಆಗಮವು ಮಿತ್ರನಂತೆ, ಆದೇಶವು ಶತ್ರುವಿನಂತೆ ಎಂದು ಸಂಸ್ಕೃತ ಪಾಠಶಾಲೆಗಳಲ್ಲಿ ಹೇಳುವ ವಾಡಿಕೆಯಿದೆ.

ಯಂತ್ರದೊಳಗೆ ಪ್ರತಿಯೊಂದು ಅಳತೆಯೂ ಒಂದು ಪಟ್ಟಿಯ ರೂಪದಲ್ಲಿರುತ್ತದೆ. ಪಟ್ಟಿಯ ಒಂದೊಂದು ಮನೆಗೂ ಒಂದೊಂದು ಸಂಖ್ಯೆಯುಂಟು. 42ನೆಯ ಸಂಖ್ಯೆಯ ಮನೆಯಲ್ಲಿ ಯಂತ್ರವು ಅಳೆದ ನಿಜವಾದ ದೂರ. 1ನೆಯದರಲ್ಲಿ ಮನುಷ್ಯನು ಬರೆದ ಬರಹ. ಈ ಒಂದನೆಯ ಮನೆಯು ಬರಿದಾಗಿದ್ದರೆ ಹಾಳೆಯ ಮೇಲೆ ನಿಜವಾದ ಅಳತೆಯೇ ಕಾಣುತ್ತದೆ. ಅಲ್ಲಿ ಒಂದೇ ಒಂದು ಖಾಲಿ ಎಡೆಯನ್ನು ಬಿಟ್ಟರೆ ಏನೂ ಕಾಣುವುದಿಲ್ಲ, ಇದು ಲೋಪ. ಬೇರೆ ಅಂಕಿಯನ್ನು ಬರೆದರೆ ಅದೇ ಕಾಣುತ್ತದೆ. ಇದು ಆದೇಶ, ನಮ್ಮ ಆಚಾರಿಯನ್ನು ಕೆಡಿಸಿದ್ದು. ಇನ್ನೊಂದು ಉಪಾಯವಿದೆ. ಗಣಿತದಲ್ಲಿ ಚಿಕ್ಕದು, ದೊಡ್ಡದು ಎಂದು ತೋರಿಸಲು ಬಳಸುವ ಎರಡು ಕೋನಚಿಹ್ನೆಗಳನ್ನು, ನಡುವೆ ಏನನ್ನೂ ಇಡದೆ, ಜೊತೆಯಾಗಿ ಅಲ್ಲಿ ಬರೆದರೆ, ಯಂತ್ರವು ಅವುಗಳ ಸ್ಥಾನದಲ್ಲಿ ನಿಜವಾದ ಅಳತೆಯನ್ನು ತುಂಬುತ್ತದೆ. ಅದರ ಹಿಂದೆಯೋ ಮುಂದೆಯೋ ಕಿಟಕಿಯ ಗುರುತು, ಮರದ ಹೆಸರು, ಏನನ್ನು ಬೇಕಾದರೂ ಸೇರಿಸಬಹುದು. ಅಂಕಿಯು ಜೀವಂತವಾಗಿಯೇ ಇರುತ್ತದೆ, ಮಾತು ಅದರ ಪಕ್ಕದಲ್ಲಿ ಮಿತ್ರನಂತೆ ಕುಳಿತಿರುತ್ತದೆ. ಆ ನಕ್ಷೆಗಾರನು ಮಾಡಬೇಕಾಗಿದ್ದುದು ಇಷ್ಟೇ. ಅವನಿಗೆ ಬೇಕಾಗಿದ್ದುದು ಆಗಮ. ಅವಸರದಲ್ಲಿ ಮಾಡಿದ್ದು ಆದೇಶ.

ಒಂದು ನಕ್ಷೆಯಲ್ಲಿ ನೂರಾರು ಅಳತೆಗಳಿರುವಾಗ ಒಂದೊಂದನ್ನೂ ತೆರೆದು ಚಿಹ್ನೆಯಿಟ್ಟು ಮಾತು ಸೇರಿಸುವುದು ಬೇಸರದ ಕೆಲಸವೆಂಬುದು ನಿಜ. ಬೇಸರಪಟ್ಟ ಕೈಯೇ ಅಂಕಿಯನ್ನು ಅಳಿಸುವ ಕೈ. ಇದಕ್ಕೆ ಪರಿಹಾರವಾಗಿ ಸಣ್ಣ ಸಣ್ಣ ವಿಧಿಗಳನ್ನು ಬರೆದು ಯಂತ್ರಕ್ಕೆ ಒಪ್ಪಿಸಬಹುದು. ಇವನ್ನು ಸ್ಕ್ರಿಪ್ಟ್ ಎನ್ನುವರು. ಜಾನ್ ಮೆಕಾರ್ಥಿ ಎಂಬ ಪಂಡಿತನು 1958ರಲ್ಲಿ ರಚಿಸತೊಡಗಿದ ಲಿಸ್ಪ್ ಎಂಬ ಗಣಕಭಾಷೆಯ ಒಂದು ಶಾಖೆಯನ್ನು 1986ರಲ್ಲಿ ಆಟೊಕ್ಯಾಡಿಗೆ ಜೋಡಿಸಿದರು. ಅದರ ಅಗ್ಗದ ಆವೃತ್ತಿಗೆ ಮಾತ್ರ 2023ರವರೆಗೆ ಈ ಸೌಕರ್ಯವು ದೊರೆತಿರಲಿಲ್ಲ. ಈ ಭಾಷೆಯಲ್ಲಿ ಕಂಸದೊಳಗೆ ಕಂಸ, ಅದರೊಳಗೆ ಮತ್ತೊಂದು ಕಂಸ. ದೀರ್ಘಸಮಾಸಗಳನ್ನು ಒಳಗಿನಿಂದ ಹೊರಕ್ಕೆ ಬಿಡಿಸಿ ಅಭ್ಯಾಸವಿದ್ದವರಿಗೆ ಇದು ಕಷ್ಟವೆನಿಸದು. ಮಗುವಿನ ಪಕ್ಕದಲ್ಲಿ ಕುಳಿತು ನಾಲ್ಕು ಸಂಜೆಗಳಲ್ಲಿ ನಾನೂ ಓದಲು ಕಲಿತೆನು.

ನಾವು ಬರೆದುದು ಎರಡು ವಿಧಿಗಳು. ಮೊದಲನೆಯದು ಪರೀಕ್ಷಕ. ನಕ್ಷೆಯಲ್ಲಿರುವ ಅಳತೆಗಳನ್ನೆಲ್ಲ ಆರಿಸಿಕೊಂಡು ಒಂದೊಂದರ ಒಂದನೆಯ ಮನೆಯನ್ನು ಓದಬೇಕು. ಅದು ಬರಿದಾಗಿದ್ದರೆ ಮುಂದಕ್ಕೆ ಹೋಗಬೇಕು. ಕೋನಚಿಹ್ನೆಗಳಿದ್ದರೂ ಮುಂದಕ್ಕೆ ಹೋಗಬೇಕು. ಎರಡೂ ಅಲ್ಲವಾದರೆ ಆ ಅಳತೆಗೆ ಕೆಂಪು ಬಣ್ಣವನ್ನು ಬಳಿಯಬೇಕು. ಇಪ್ಪತ್ತು ಸಾಲುಗಳೊಳಗೆ ಮುಗಿಯಿತು. ಆ ಮನೆಯ ನಕ್ಷೆಯ ಮೇಲೆ ಇದನ್ನು ಓಡಿಸಿದಾಗ ಮೂರು ಕಿಟಕಿಗಳಲ್ಲದೆ, ಮೆಟ್ಟಿಲಿನ ಹತ್ತಿರವೂ ಒಂದು ಕೆಂಪು ಹೊತ್ತಿಕೊಂಡಿತು. ಅಲ್ಲಿ ಕೆಲಸವು ಇನ್ನೂ ಪ್ರಾರಂಭವಾಗಿರಲಿಲ್ಲ, ಪುಣ್ಯ.

ಎರಡನೆಯದು ಲೇಖಕ. ಮುಟ್ಟಿ ತೋರಿಸಿದ ಅಳತೆಗಳಿಗೆಲ್ಲ ಕೋನಚಿಹ್ನೆಯನ್ನಿಟ್ಟು, ಅದರ ಮುಂದೆ ನಾವು ಹೇಳಿದ ಮಾತನ್ನು ಸೇರಿಸುವುದು ಇದರ ಕೆಲಸ. ಓರೆಗೆರೆಯೊಂದನ್ನೂ ಎಕ್ಸ್ ಎಂಬ ದೊಡ್ಡಕ್ಷರವನ್ನೂ ನಡುವೆ ಇಟ್ಟರೆ, ಅಂಕಿಯು ಅಳತೆಗೆರೆಯ ಮೇಲೆಯೂ ಮಾತು ಕೆಳಗೂ ನಿಲ್ಲುತ್ತದೆ, ಓದಲು ಸುಖ.

ಇಲ್ಲಿ ನಮ್ಮಿಬ್ಬರಲ್ಲಿ ಒಂದು ವಾದವೂ ನಡೆಯಿತು. ಆಚಾರಿಯು ಅಡಿ ಅಂಗುಲಗಳಲ್ಲಿಯೂ ಬರೆದುಕೊಡಬೇಕೆಂದು ಕೇಳಿದ್ದನು. ನಮ್ಮ ದೇಶದಲ್ಲಿ ಮೆಟ್ರಿಕ್ ಮಾನಕ್ಕೆ 1956ರಲ್ಲಿಯೇ ಶಾಸನವಾದರೂ ಮರಗೆಲಸದವರ ಬಾಯಲ್ಲಿ ಇಂದಿಗೂ ಅಂಗುಲವೇ. ಮಗುವು ಕೂಡಲೇ ಒಂದು ವಿಧಿಯನ್ನು ಬರೆದಳು: 42ನೆಯ ಮನೆಯ ದೂರವನ್ನು 25.4ರಿಂದ ಭಾಗಿಸಿ, ಬಂದ ಅಂಗುಲಗಳನ್ನು ಅಡಿಗಳಾಗಿ ಒಡೆದು, ಒಂದನೆಯ ಮನೆಯಲ್ಲಿ ಬರೆಯುವುದು. 1500 ಎಂಬುದು ಕ್ಷಣದಲ್ಲಿ 4 ಅಡಿ 11 ಅಂಗುಲವಾಯಿತು. ನಾನು ಒಪ್ಪಲಿಲ್ಲ. “ಮಗು, ನಾಳೆ ಗೋಡೆ ಸರಿದರೆ ಈ ನಾಲ್ಕಡಿ ಹನ್ನೊಂದಂಗುಲ ಸರಿಯುತ್ತದೆಯೆ?” ಎಂದು ಕೇಳಿದೆನು. ಸರಿಯದು. ಒಬ್ಬ ನಕ್ಷೆಗಾರನು ಬೇಸರದಿಂದ ಮಾಡಿದ ಆದೇಶವನ್ನು ಇದು ಬೇಸರವಿಲ್ಲದೆ ನೂರು ಕಡೆ ಮಾಡುವುದು. ವಿಧಿಯನ್ನು ಪುನಃ ಓಡಿಸಿದರಾಯಿತು ಎಂಬುದು ಅವಳ ಸಮಾಧಾನ. ಓಡಿಸಲು ಮರೆತರೆ ಎಂಬುದು ನನ್ನ ಆಕ್ಷೇಪ. ಕೊನೆಗೆ ಅವಳೇ ಯಂತ್ರದಲ್ಲಿರುವ ಪರ್ಯಾಯಮಾನದ ಏರ್ಪಾಡನ್ನು ಹುಡುಕಿ ತೆಗೆದಳು. ಅದರಲ್ಲಿ ಮಿಲಿಮೀಟರಿನ ಪಕ್ಕದಲ್ಲಿಯೇ ಚೌಕಕಂಸದೊಳಗೆ ಅಡಿ ಅಂಗುಲಗಳು ಕಾಣುತ್ತವೆ, ಗೋಡೆಯೊಡನೆ ಎರಡೂ ಬದಲಾಗುತ್ತವೆ. ಅವಳ ಮೂರನೆಯ ವಿಧಿಯನ್ನು ಅಳಿಸಿಹಾಕಿದೆವು.

ಯಂತ್ರವನ್ನು ಮುಟ್ಟದ ಗೃಹಸ್ಥರು ಏನು ಮಾಡಬೇಕೆಂದು ಕೇಳಬಹುದು. ಕೂಡಿಸಿ ನೋಡಬೇಕು. ಒಂದೇ ಸಾಲಿನಲ್ಲಿರುವ ಬಿಡಿ ಅಳತೆಗಳ ಮೊತ್ತವು ಆ ಸಾಲಿನ ಒಟ್ಟು ಅಳತೆಗೆ ಸಮನಾಗಿರತಕ್ಕದ್ದು. ಆ ಹಾಳೆಯಲ್ಲಿ 1200, 1350, 1200 ಕೂಡಿದರೆ 3750. ಒಟ್ಟು ಎಂದು ಬರೆದದ್ದು 3900. ನಾಲ್ಕನೆಯ ತರಗತಿಯ ಹುಡುಗನು ಹಿಡಿಯಬಹುದಾಗಿದ್ದ ದೋಷವಿದು. ಯಂತ್ರವು ಬರೆದುದೆಂಬ ಗೌರವದಿಂದ ಯಾರೂ ಕೂಡಿಸಲಿಲ್ಲ. ಅಂಕಿಗಳು ಮುದ್ದಾದ ಅಚ್ಚಿನಲ್ಲಿದ್ದರೆ ಲೆಕ್ಕವೂ ಸರಿಯಿರಬೇಕೆಂಬ ಭ್ರಾಂತಿಯನ್ನು ನಾನು ವಿದ್ಯಾವಂತರಲ್ಲಿಯೇ ಹೆಚ್ಚಾಗಿ ಕಂಡಿದ್ದೇನೆ.

ಹಲಸಿನ ಆ ಮೂರು ಚೌಕಟ್ಟುಗಳಲ್ಲಿ ಎರಡು ಹಿಂದಣ ಉಗ್ರಾಣದ ಗೋಡೆಗೆ ಸೇರಿದುವು. ಒಂದು ಇನ್ನೂ ಕೊಟ್ಟಿಗೆಯಲ್ಲಿ ಒರಗಿಕೊಂಡಿದೆ. ಕೋಣೆಗಳಿಗೆ ಬೇರೆ ಮರವನ್ನು ಕೊಂಡು ತರಬೇಕಾಯಿತು. ಆಚಾರಿಗೆ ಈಗ ಕೈತುಂಬ ಕೆಲಸವಿದೆ. ಹೊಸ ನಕ್ಷೆ ಸಿಕ್ಕಿದಾಗಲೆಲ್ಲ ಅಂಚಿನಲ್ಲಿ ಸೀಸದ ಕಡ್ಡಿಯಿಂದ ಮೊತ್ತವನ್ನು ಹಾಕಿ, ಅದನ್ನು ಬರೆದವರು ನಮ್ಮ ಮಗುವೇ ಆಗಿದ್ದರೂ ಬಿಡದೆ, ಮರ ಮುಟ್ಟುವ ಮೊದಲು ನಮ್ಮ ಜಗುಲಿಗೆ ಬಂದು ಕೇಳುತ್ತಾನೆ: “ಮೇಷ್ಟ್ರೇ, ಇದರಲ್ಲಿ ಕೆಂಪು ಎಷ್ಟು ಬಂದಿತ್ತಂತೆ?”