ಅಬ್ಬಾ ಅಂಗಡಿಯ ಗ್ರಾಫ್

ನಮ್ಮ ಬ್ಯುಸಿನೆಸ್ ಸ್ಟಡೀಸ್ ಪುಸ್ತಕ ಓದಿದರೆ ಮ್ಯಾನೇಜರ್ ಎಂದರೆ ದೊಡ್ಡ ಕಂಪನಿಯಲ್ಲಿ ಕೋಟು ಹಾಕಿಕೊಂಡು ಕೂತವರು ಅನ್ನಿಸುತ್ತದೆ. ನನ್ನ ಪ್ರಕಾರ ಮಕ್ಕಳ ರೆಡಿಮೇಡ್ ಬಟ್ಟೆ ಅಂಗಡಿ ನಡೆಸುವ ನಮ್ಮ ಅಬ್ಬಾ ಕೂಡ ಮ್ಯಾನೇಜರೇ. ರಮ್ಜಾನಿಗೆ ಎಷ್ಟು ಮಾಲು ತರಿಸಬೇಕು ಎಂಬುದು ಅವರಿಗೆ ವರ್ಷದ ದೊಡ್ಡ ನಿರ್ಧಾರ. ಮಾಲು ಉಳಿದರೆ ಹೋಲ್‌ಸೇಲಿನವರ ಬಾಕಿಯೂ ಉಳಿಯುತ್ತದೆ. ಕಳೆದ ವರ್ಷ ಹಾಗೇ ಆಯಿತು, ಅಕ್ಕ ಬಿ.ಎಡ್. ಸೇರುವುದು ಮುಂದೆ ಹೋಯಿತು.

ಅಮೆರಿಕದಲ್ಲಿ 1967ರ ಸುಮಾರಿಗೆ ಮೈಕೆಲ್ ಸ್ಕಾಟ್ ಮಾರ್ಟನ್ ಎಂಬ ಸಂಶೋಧಕರು, ಬಟ್ಟೆ ಒಗೆಯುವ ಯಂತ್ರಗಳ ಉತ್ಪಾದನೆ ಯೋಜಿಸುವ ಮ್ಯಾನೇಜರ್‌ಗಳಿಗೆ 21 ಇಂಚಿನ ಪರದೆ ಮತ್ತು ಬೆಳಕಿನ ಪೆನ್ನು ಕೊಟ್ಟರು. 'ಹೀಗೆ ಮಾಡಿದರೆ ಏನಾಗುತ್ತೆ?' ಎಂದು ಅವರು ಪರದೆಯಲ್ಲೇ ಕೇಳಿ ನೋಡಬಹುದಿತ್ತು. ಆಗ ಅದಕ್ಕೆ ದೊಡ್ಡ ಕಂಪ್ಯೂಟರೇ ಬೇಕಿತ್ತು. ಈಗ ಒಂದು ಸ್ಪ್ರೆಡ್‌ಶೀಟ್ ಸಾಕು.

ಮೂರು ವರ್ಷದ ಬಿಲ್ ಪುಸ್ತಕಗಳನ್ನು ಟೈಪ್ ಮಾಡಿದೆ. ಅಮ್ಮಿ ಓದಿ ಹೇಳುತ್ತಿದ್ದರು. (ಅಬ್ಬಾ ಬರೆದ 1 ಯಾವುದು, 7 ಯಾವುದು ಎಂದು ಗೊತ್ತಾಗುವುದು ಅವರೊಬ್ಬರಿಗೇ.) ಇಂಗ್ಲಿಷ್ ತಿಂಗಳ ಲೆಕ್ಕದಲ್ಲಿ ಗ್ರಾಫ್ ತೆಗೆದರೆ ಏರಿಕೆ ಒಂದೊಂದು ವರ್ಷ ಒಂದೊಂದು ಕಡೆ. 2023ರಲ್ಲಿ ಈದುಲ್ ಫಿತ್ರ್ ಏಪ್ರಿಲ್ 22ಕ್ಕೆ, 2025ರಲ್ಲಿ ಮಾರ್ಚ್ 31ಕ್ಕೆ ಬಂದಿತ್ತಲ್ಲ! ತಿಂಗಳು ತೆಗೆದು ಒಂದನೇ ರೋಜಾ, ಎರಡನೇ ರೋಜಾ ಎಂದು ಹಾಕಿದಾಗ ಮೂರೂ ಗೆರೆಗಳು ಒಂದರ ಮೇಲೊಂದು ಕೂತವು. ಹದಿನೈದನೇ ರೋಜಾವರೆಗೆ ಸಪ್ಪೆ, ಇಪ್ಪತ್ತರ ನಂತರ ನೆಟ್ಟಗೆ ಮೇಲೆ.

ಅಬ್ಬಾ ಕನ್ನಡಕ ಏರಿಸಿ ನೋಡಿದರು. "ಇದು ನಂಗೆ ಗೊತ್ತಿರೋದೇ ಅಲ್ವಾ ಬೇಟಾ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅರ್ಧ ಮಾಲು ಈಗ, ಅರ್ಧ ಹತ್ತನೇ ರೋಜಾಕ್ಕೆ ತರಿಸಿದ್ರೆ?" ಎಂದು ಕೇಳಿದರು. ಅಂಕಿ ಬದಲಿಸಿದೆ; ಬಾಕಿಯ ಗೆರೆ ಕೆಳಗಿಳಿಯಿತು. "ಈಗ ಮುಕ್ಕಾಲು ತರಿಸಿದ್ರೆ?" ಮತ್ತೆ ಬದಲಿಸಿದೆ. ಇಶಾ ಅಜಾನ್ ಆಗುವವರೆಗೂ ಕೇಳುತ್ತಲೇ ಇದ್ದರು. ಮೂರು ವರ್ಷದಲ್ಲಿ ನನ್ನ ಓದಿನ ಬಗ್ಗೆ ಅವರು ಇಷ್ಟು ಪ್ರಶ್ನೆ ಕೇಳಿದ್ದಿಲ್ಲ.

ನಮಾಜಿಗೆ ಎದ್ದವರು ಇನ್ನೊಂದು ಕೇಳಿದರು: "ಸೈಜ್ ಇಲ್ಲ ಅಂತ ಬರಿಗೈಲಿ ವಾಪಸ್ ಹೋದವ್ರು ಇದ್ರಲ್ಲಿ ಎಲ್ಲಿದ್ದಾರೆ?"

ಎಲ್ಲೂ ಇಲ್ಲ. ಬಿಲ್ ಆಗದ ಗಿರಾಕಿ ಗ್ರಾಫಿಗೆ ಬರುವುದಿಲ್ಲ. ಇಪ್ಪತ್ತಾರನೇ ರೋಜಾಕ್ಕೆ ಗೆರೆ ಇಳಿದಿದ್ದು ಕೇಳುವವರು ಇಲ್ಲದೆ ಅಲ್ಲ, ಕೇಳಿದ ಸೈಜು ಖಾಲಿಯಾಗಿ. ಅದು ಅಬ್ಬಾಗೆ ನೆನಪಿತ್ತು, ಸ್ಪ್ರೆಡ್‌ಶೀಟಿಗೆ ಗೊತ್ತಿರಲಿಲ್ಲ.

ಈ ಸಲ ಅರ್ಧ ಮಾಲಿಗೆ ಮಾತ್ರ ಆರ್ಡರ್ ಕೊಟ್ಟಿದ್ದಾರೆ. ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಹೊಸ ನೋಟ್‌ಬುಕ್ ಬಂದಿದೆ. ವಾಪಸ್ ಹೋದವರು ಕೇಳಿದ ಸೈಜು, ತಾರೀಖು ಅದರಲ್ಲಿ ಬರೆದಿಡುತ್ತಿದ್ದಾರೆ.