ಬಾಡಿಗೆ ಮಂಚದ ಲೆಕ್ಕ

ಭಟ್ಕಳ, ಹೊನ್ನಾವರ, ಕುಮಟಾದವರು ದೊಡ್ಡ ಕಾಯಿಲೆ ಬಂದರೆ ಮಂಗಳೂರಿಗೋ ಮಣಿಪಾಲಕ್ಕೋ ಓಡಬೇಕು. ನಮ್ಮ ಜಿಲ್ಲೆಗೂ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಜನ ಅಷ್ಟು ಜೋರಾಗಿ ಕೇಳಿದ್ದು ಅದಕ್ಕೇ.

ಕಳೆದ ರಜೆಯಲ್ಲಿ ಅಬ್ಬಾರ ಆಪರೇಷನ್‌ಗೆ ನಾವೂ ಮಂಗಳೂರಿಗೆ ಹೋದೆವು. ರಾತ್ರಿ ವಾರ್ಡಿನಲ್ಲಿ ಒಬ್ಬರಿಗೆ ಮಾತ್ರ ಅವಕಾಶ. ಅಮ್ಮಿ ಅಲ್ಲಿ ಉಳಿದರು. ನಾನು, ಮಾಮು ಹಂಪನಕಟ್ಟೆ ಹತ್ತಿರದ ಒಂದು ಡಾರ್ಮಿಟರಿಯಲ್ಲಿ ಉಳಿದೆವು. ಲಾಡ್ಜಿನಲ್ಲಿ ರೂಮಿಗೆ 900 ರೂಪಾಯಿ, ಇಲ್ಲಿ ಮಂಚಕ್ಕೆ 250. ರಾತ್ರಿಗೆ 400 ರೂಪಾಯಿ ಉಳಿತಾಯ. ಐದು ರಾತ್ರಿಗೆ 2,000. ರೂಮೇ ಮಾಡಿದ್ದರೆ ಮಾಮು ನನ್ನನ್ನು ಮರುದಿನವೇ ಊರಿಗೆ ಕಳಿಸುತ್ತಿದ್ದರು. ಅಬ್ಬಾ ಕಣ್ಣು ಬಿಟ್ಟಾಗ ನಾನು ಹತ್ತಿರ ಇರುತ್ತಿರಲಿಲ್ಲ.

ಒಂದು ಹಾಲ್, ಹತ್ತು ಮಂಚ, ಎರಡು ಬಾತ್‌ರೂಮ್. ಪಕ್ಕದ ಮಂಚದಲ್ಲಿ ಕುಮಟಾದ ಅಜ್ಜ. ಹೆಂಡತಿಯನ್ನು ಅಡ್ಮಿಟ್ ಮಾಡಿದ್ದರು. ಫಜ್ರ್‌ಗೆ ನಾನು ಏಳುವಷ್ಟರಲ್ಲಿ ಅವರು ಬಕೆಟ್ ಹಿಡಿದು ನಿಂತಿರುತ್ತಿದ್ದರು. “ನಿಂದು ಮೊದ್ಲು ಮುಗ್ಸು ತಮ್ಮಾ, ನಂಗೆ ಅಡ್ಡಿಲ್ಲ” ಎಂದು ಜಾಗ ಬಿಡುತ್ತಿದ್ದರು. ನಮಾಜಿಗೆ ಕಿಬ್ಲಾ ಯಾವ ಕಡೆ ಎಂದು ಕೇಳಿ, ಅಲ್ಲಿದ್ದ ತಮ್ಮ ಚೀಲವನ್ನೂ ಸರಿಸಿದರು.

ಆದರೆ ಆ ಡಾರ್ಮಿಟರಿ ಗಂಡಸರಿಗೆ ಮಾತ್ರ. ಅಮ್ಮಿ ಐದು ರಾತ್ರಿಯೂ ವಾರ್ಡಿನ ನೆಲದ ಮೇಲೆ ಚಾಪೆ ಹಾಸಿ ಮಲಗಿದರು. “ನಾನು ಇಲ್ಲಿರುತ್ತೇನೆ, ನೀವು ಮಲಗಿ ಬನ್ನಿ” ಎನ್ನೋಣ ಎಂದರೆ ಅವರು ಎಲ್ಲಿಗೆ ಹೋಗಬೇಕಿತ್ತು? ನಾನು ಉಳಿಸಿದ 2,000ದ ಲೆಕ್ಕದಲ್ಲಿ ಅಮ್ಮಿಯ ನಿದ್ದೆ ಸೇರಿಲ್ಲ. ಆಸ್ಪತ್ರೆಗಳ ಹತ್ತಿರ ಹೆಂಗಸರಿಗೂ 250 ರೂಪಾಯಿಯ ಮಂಚ, ಒಳಗಿನಿಂದ ಹಾಕಿಕೊಳ್ಳಲು ಗಟ್ಟಿ ಚಿಲಕ ಸಿಗಬೇಕು.