ಮಡುವಿನ ದಡದಲ್ಲಿ ಪ್ಲಾಟಿಪಸ್ಸಿನ ನಿರೀಕ್ಷೆ

ಮೊಟ್ಟೆಯಿಟ್ಟು ಮರಿಮಾಡಿ, ಆ ಮರಿಗೆ ಹಾಲುಣಿಸುವ ಪ್ರಾಣಿ ಯಾವುದೆಂದು ಕೇಳಿದರೆ ನಮ್ಮ ಶಾಲೆಗಳ ಮಕ್ಕಳು ತಡವರಿಸದೆ ಪ್ಲಾಟಿಪಸ್ ಎಂದು ಉತ್ತರಿಸುತ್ತಾರೆ. ಬಾತುಕೋಳಿಯದರಂತಹ ಕೊಕ್ಕು, ದಟ್ಟವಾದ ಕಂದು ತುಪ್ಪಳ, ಚಪ್ಪಟೆಯಾದ ಅಗಲ ಬಾಲ, ಜಾಲಪಾದ ಇವೆಲ್ಲವೂ ಪುಸ್ತಕದ ಚಿತ್ರಗಳಿಂದ ಅವರಿಗೆ ಪರಿಚಿತವೇ. ಆ ಪ್ರಾಣಿಯ ತವರಾದ ಆಸ್ಟ್ರೇಲಿಯದಲ್ಲಿ 1966ರಿಂದ 20 ಸೆಂಟಿನ ನಾಣ್ಯದ ಮೇಲೆ ಅದರ ಆಕೃತಿಯಿದೆ. ಆದರೂ ಅದನ್ನು ಅದರ ಹೊಳೆಯಲ್ಲಿಯೇ ಕಣ್ಣಾರೆ ಕಾಣದವರು ಅಲ್ಲಿಯೂ ಬಹಳ ಮಂದಿ. ಹಗಲಿನ ಬಹುಪಾಲನ್ನು ಅದು ಬಿಲದೊಳಗೆ ಕಳೆಯುತ್ತದೆ; ಮುಸ್ಸಂಜೆ, ಇರುಳು, ಮುಂಜಾವಗಳಲ್ಲಿ ಒಂಟಿಯಾಗಿ, ಸದ್ದಿಲ್ಲದೆ ನೀರಿನಲ್ಲಿ ಸಂಚರಿಸುತ್ತದೆ. ಅದನ್ನು ಕಾಣಬೇಕಾದರೆ ಅದೃಷ್ಟಕ್ಕಿಂತ ಮಿಗಿಲಾಗಿ ಹೊಳೆಯ ಲಕ್ಷಣವನ್ನು ಬಲ್ಲ ಕಣ್ಣು ಬೇಕು. ಆ ಹೊಳೆಯ ಬಳಿ ಬಾಳುವವರ ಮಾತಿಗೆ ಕಿವಿಗೊಡುವ ವಿನಯವೂ ಬೇಕು.

ಈ ಎರಡನೆಯ ಮಾತಿನ ಹಿಂದೆ ಒಂದು ದೀರ್ಘ ಇತಿಹಾಸವಿದೆ. 18ನೆಯ ಶತಮಾನದ ಕೊನೆಯಲ್ಲಿ ಪ್ಲಾಟಿಪಸ್ಸಿನ ಒಣಗಿದ ಚರ್ಮವೊಂದು ಇಂಗ್ಲೆಂಡಿಗೆ ತಲುಪಿತು. 1799ರಲ್ಲಿ ಅದನ್ನು ಮೊದಲು ವರ್ಣಿಸಿದ ಜಾರ್ಜ್ ಶಾ ಎಂಬ ವಿದ್ವಾಂಸರಿಗೆ, ಯಾರೋ ಒಂದು ಪ್ರಾಣಿಯ ಮೈಗೆ ಬಾತಿನ ಕೊಕ್ಕನ್ನು ಹೊಲಿದು ಮೋಸ ಮಾಡಿರಬಹುದೆಂಬ ಸಂಶಯವೇ ಉಂಟಾಯಿತು. ಮುಂದೆ ವಾದ ಬೇರೆಡೆಗೆ ತಿರುಗಿತು. ಅದಕ್ಕೆ ಹಾಲಿನ ಗ್ರಂಥಿಗಳಿವೆಯೆಂದು ಜರ್ಮನಿಯ ಮೆಕೆಲ್ ತೋರಿಸಿದರೆ, ಅವು ಹಾಲಿನವೇ ಅಲ್ಲವೆಂದು ಫ್ರಾನ್ಸಿನ ಜೆಫ್ರಾಯ್ ಹಟ ಹಿಡಿದರು. ಮೊಟ್ಟೆ ತಾಯಿಯ ಒಡಲೊಳಗೇ ಒಡೆಯುತ್ತದೆಂಬುದು ಇಂಗ್ಲೆಂಡಿನ ರಿಚರ್ಡ್ ಓವನ್ನರ ಮತ. ಇವರೆಲ್ಲರೂ ಸಾವಿರಾರು ಮೈಲಿ ದೂರದಲ್ಲಿ ಕುಳಿತು, ಮದ್ಯಸಾರದಲ್ಲಿ ಕಾಪಿಟ್ಟ ಕಳೇಬರಗಳನ್ನು ಮುಂದಿಟ್ಟುಕೊಂಡು ವಾದಿಸುತ್ತಿದ್ದರು. ಇತ್ತ ಹೊಳೆಯ ದಡದಲ್ಲಿಯೇ ತಲೆತಲಾಂತರದಿಂದ ಬಾಳಿದ್ದ ಮೂಲನಿವಾಸಿಗಳಲ್ಲಿ ಅದು ಮೊಟ್ಟೆಯಿಡುತ್ತದೆಂದು ಹೇಳುವವರಿದ್ದರು. ಆ ಪ್ರಾಣಿಗೆ ಅವರ ನುಡಿಗಳಲ್ಲಿ ಮಲ್ಲಂಗಾಂಗ್, ಟಾಂಬ್ರೀಟ್ ಮುಂತಾದ ಹೆಸರುಗಳಿದ್ದವು. ಅವರ ಮಾತನ್ನು ಬರೆದುಕೊಂಡವರೂ ನಂಬಲಿಲ್ಲ.

1884ರಲ್ಲಿ ಕೇಂಬ್ರಿಜ್‌ನಿಂದ ಬಂದ ತರುಣ ವಿಜ್ಞಾನಿ ವಿಲಿಯಂ ಕಾಲ್ಡ್‌ವೆಲ್, ಕ್ವೀನ್ಸ್‌ಲ್ಯಾಂಡಿನ ಬರ್ನೆಟ್ ನದಿಯ ದಡದಲ್ಲಿ ಬೀಡುಬಿಟ್ಟು, ಹಲವು ಮಂದಿ ಮೂಲನಿವಾಸಿಗಳ ನೆರವಿನಿಂದಲೇ ಪ್ರಾಣಿಗಳನ್ನು ಹಿಡಿಸಿ, ಮೊಟ್ಟೆಯಿಡುವ ಪ್ಲಾಟಿಪಸ್ಸನ್ನು ಕಂಡರು. ಅವರ ತಂತಿ ಕೆನಡದ ಮಾಂಟ್ರಿಯಲ್ಲಿನಲ್ಲಿ ಸೇರಿದ್ದ ವಿಜ್ಞಾನಿಗಳ ಸಭೆಯನ್ನು ತಲುಪಿದಾಗ ವಿವಾದ ಮುಗಿಯಿತು. ಮೌಖಿಕ ಸಾಕ್ಷ್ಯವು ಪ್ರತ್ಯಕ್ಷವಾಗಿರಬೇಕು, ಕಂಡವನೇ ಬಂದು ಹೇಳಬೇಕು ಎಂಬುದು ನಮ್ಮ ನ್ಯಾಯಾಲಯಗಳ ಮೂಲಭೂತ ನಿಯಮ. ಆ ನಿಯಮದಂತೆ ನೋಡಿದರೆ ಈ ಪ್ರಕರಣದಲ್ಲಿ ಕಣ್ಣಾರೆ ಕಂಡ ಸಾಕ್ಷಿಗಳು ಮೊದಲ ದಿನದಿಂದಲೂ ಕಟಕಟೆಯ ಬಳಿಯೇ ನಿಂತಿದ್ದರು. ಅವರ ನುಡಿ ವಿದ್ವಾಂಸರ ನುಡಿಯಾಗಿರಲಿಲ್ಲವೆಂಬ ಒಂದೇ ಕಾರಣಕ್ಕೆ ತೀರ್ಪು 85 ವರ್ಷ ತಡವಾಯಿತು.

ಪ್ಲಾಟಿಪಸ್ ಇರುವುದು ಆಸ್ಟ್ರೇಲಿಯದ ಪೂರ್ವ ಭಾಗದಲ್ಲಿ ಮಾತ್ರ. ಉತ್ತರದ ಕುಕ್‌ಟೌನ್ ಪಟ್ಟಣದ ಸುತ್ತಲಿನ ಉಷ್ಣವಲಯದ ತೊರೆಗಳಿಂದ ಹಿಡಿದು ದಕ್ಷಿಣದಲ್ಲಿ ಹಿಮ ಬೀಳುವ ಟಾಸ್ಮೇನಿಯದವರೆಗೆ ಅದರ ನೆಲೆ ಹಬ್ಬಿದೆ. ಹೊಳೆ ಯಾವುದೇ ಇರಲಿ, ಅದು ಬಯಸುವ ಜಾಗದ ಲಕ್ಷಣಗಳು ಬಹುಮಟ್ಟಿಗೆ ಒಂದೇ. ನೀರು ರಭಸವಾಗಿ ಹರಿಯುವಲ್ಲಿಗಿಂತ, ಹರಿವಿನ ನಡುನಡುವೆ ನಿಂತಂತೆ ತೋರುವ ಮಡುಗಳು ಅದಕ್ಕೆ ಪ್ರಿಯ. ದಡದ ಮಣ್ಣು ಗಟ್ಟಿಯಾಗಿರಬೇಕು. ಆ ಮಣ್ಣನ್ನು ಮರಗಳ ಬೇರು ಹಿಡಿದಿರಬೇಕು. ಅಂತಹ ಬೇರುಗಳ ಮರೆಯಲ್ಲಿ, ನೀರಿನ ಮಟ್ಟಕ್ಕೆ ಸಮೀಪದಲ್ಲಿ ಅದು ಬಿಲ ತೋಡುತ್ತದೆ. ಕೊಂಬೆಗಳು ನೀರಿನ ಮೇಲೆ ಬಾಗಿರಬೇಕು. ತಳದಲ್ಲಿ ಕಲ್ಲು, ಕೊಳೆತ ಎಲೆ, ಮುರಿದು ಬಿದ್ದ ಮರ ಇರಬೇಕು. ಅದರ ಆಹಾರವಾದ ಹುಳು, ಕೀಟಗಳ ಮರಿ, ಸೀಗಡಿ ಬೆಳೆಯುವುದು ಅಲ್ಲಿಯೇ. ದಡವನ್ನು ಬೋಳಿಸಿ ಕಾಂಕ್ರೀಟು ಹಾಕಿದ ಕಡೆ ಅದಕ್ಕಾಗಿ ಕಾಯುವುದು ವ್ಯರ್ಥ.

ನೀರಿಗಿಳಿದ ಪ್ಲಾಟಿಪಸ್ ಕಣ್ಣು, ಕಿವಿ, ಮೂಗುಗಳನ್ನು ಮುಚ್ಚಿಕೊಂಡು ಬೇಟೆಯಾಡುತ್ತದೆ. ಅದರ ಕೊಕ್ಕು ಬಾತಿನ ಕೊಕ್ಕಿನಂತೆ ಗಡುಸಲ್ಲ. ಮೆತ್ತಗಿನ ಚರ್ಮದಿಂದ ಮುಚ್ಚಿದ್ದು, ಜಲಚರಗಳ ಸ್ನಾಯುಗಳು ಹೊಮ್ಮಿಸುವ ಅತಿ ಸೂಕ್ಷ್ಮ ವಿದ್ಯುತ್ತನ್ನು ಗ್ರಹಿಸುವ ಸುಮಾರು 40,000 ಸಂವೇದಕಗಳನ್ನು ಹೊಂದಿದೆ. ಸಿಕ್ಕ ಆಹಾರವನ್ನು ಕೆನ್ನೆಯ ಚೀಲಗಳಲ್ಲಿ ತುಂಬಿಕೊಂಡು ಅದು ಮೇಲೇರುತ್ತದೆ. ಬೆಳೆದ ಪ್ಲಾಟಿಪಸ್ಸಿಗೆ ಹಲ್ಲಿಲ್ಲ. ಆದುದರಿಂದ ನೀರಿನ ಮೇಲೆ ತೇಲುತ್ತ ಆಹಾರವನ್ನು ಅರೆದು ನುಂಗಬೇಕು. ಸಾಮಾನ್ಯವಾಗಿ ಅರ್ಧ ನಿಮಿಷದಿಂದ ಒಂದು ನಿಮಿಷ ಮುಳುಗಿರುವುದು, ಹತ್ತಾರು ಸೆಕೆಂಡು ಮೇಲಿರುವುದು, ಮತ್ತೆ ಮುಳುಗುವುದು: ಇದು ಅದರ ಕ್ರಮ. ನಮಗೆ ದರ್ಶನದ ಅವಕಾಶವಿರುವುದು ಆ ಹತ್ತಾರು ಸೆಕೆಂಡುಗಳಲ್ಲಿಯೇ.

ಮೊದಲು ಕಾಣುವುದು ಸಾಮಾನ್ಯವಾಗಿ ಪ್ರಾಣಿಯಲ್ಲ, ಅದರ ಗುರುತು. ಒಂದೇ ಗೆರೆಯಲ್ಲಿ ಸಾಗುವ ಸಣ್ಣ ಗುಳ್ಳೆಗಳ ಸಾಲು; ಗಾಳಿಯಿಲ್ಲದಿದ್ದರೂ ನೀರಿನ ಮೇಲೆ ಅರಳುವ ಉಂಗುರಗಳು. ಅನಂತರ ಕೊಕ್ಕು, ಬೆನ್ನು, ಬಾಲ ಮೂರೂ ನೀರಿನ ಮಟ್ಟಕ್ಕೆ ಅಂಟಿಕೊಂಡಂತೆ ಮೇಲೆ ಬರುತ್ತವೆ. ದೂರಕ್ಕೆ ಅದು ತೇಲುವ ಮರದ ತುಂಡೆಂದೇ ತೋರುತ್ತದೆ. ಮುಳುಗುವಾಗ ಬೆನ್ನು ಕಮಾನಾಗಿ ಬಾಗಿ ಮುಂದಕ್ಕೆ ಉರುಳಿದಂತೆ ಇಳಿಯುತ್ತದೆ. ಅಲ್ಲಿನ ಹೊಳೆಗಳಲ್ಲಿ ರಕಾಲಿ ಎಂಬ ನೀರಿಲಿಯೂ ಉಂಟು. ಹೊಸಬರು ಅದನ್ನೇ ಪ್ಲಾಟಿಪಸ್ಸೆಂದು ಭ್ರಮಿಸುವುದುಂಟು. ರಕಾಲಿಗೆ ಕಾಣುವಂತಹ ಕಿವಿಗಳಿವೆ, ಸಪೂರವಾದ ಬಾಲದ ತುದಿ ಬಿಳಿ. ಇನ್ನೊಂದು ಮಾತು: ಪುಸ್ತಕದ ಚಿತ್ರ ನೋಡಿದ ಮಕ್ಕಳು ಪ್ಲಾಟಿಪಸ್ಸನ್ನು ದೊಡ್ಡ ಪ್ರಾಣಿಯೆಂದು ಎಣಿಸಿರುತ್ತಾರೆ. ಗಂಡೇ ಸುಮಾರು ಅರ್ಧ ಮೀಟರ್ ಉದ್ದ. ತೂಕ ಒಂದೆರಡು ಕಿಲೋ. ಕ್ವೀನ್ಸ್‌ಲ್ಯಾಂಡಿನವು ಇನ್ನೂ ಚಿಕ್ಕವು, ಟಾಸ್ಮೇನಿಯದವು ದೊಡ್ಡವು.

ಬ್ರಿಸ್ಬೇನಿನಲ್ಲಿ ನೆಲೆಸಿರುವ ಅಕ್ಕನ ಮನೆಗೆ ಹೋಗಿದ್ದಾಗ, ಈ ಪ್ರಾಣಿಯನ್ನು ಕಾಣಲು ಅತ್ಯಂತ ಭರವಸೆಯ ಸ್ಥಳವೆಂದು ಹಲವರು ಹೇಳಿದ ಯಂಗೆಲ್ಲ ರಾಷ್ಟ್ರೀಯ ಉದ್ಯಾನಕ್ಕೆ ಹೋದೆವು. ಮಕಾಯ್ ಎಂಬ ಕರಾವಳಿ ಪಟ್ಟಣದಿಂದ ಅದು ಪಶ್ಚಿಮಕ್ಕೆ ಸುಮಾರು 80 ಕಿಲೋಮೀಟರ್. ದಾರಿಯುದ್ದಕ್ಕೂ ಕಬ್ಬಿನ ಗದ್ದೆಗಳು. ಕೊನೆಯಲ್ಲಿ ಕಡಿದಾದ ಘಾಟಿಯೇರಿದರೆ ಮೋಡ ಮುಸುಕಿದ ಮಳೆಕಾಡು. ಅಲ್ಲಿ ಹರಿಯುವ ಬ್ರೋಕನ್ ರಿವರ್ ಎಂಬ ಹೊಳೆಯ ದಡದಲ್ಲಿ, ಜನರ ಕಾಲ್ತುಳಿತದಿಂದ ದಂಡೆ ಕುಸಿಯದಂತೆ ಮರದ ಅಟ್ಟಣೆಗಳನ್ನು ಕಟ್ಟಿದ್ದಾರೆ. ಮೇ ತಿಂಗಳಿನಿಂದ ಆಗಸ್ಟಿನವರೆಗಿನ ತಂಪುಕಾಲ ಇಲ್ಲಿಗೆ ಪ್ರಶಸ್ತ.

ಮೊದಲ ಸಂಜೆ ನಾವು ಕಂಡುದು ಆಮೆಗಳನ್ನು ಮತ್ತು ನೀಲಿ ಮಿಂಚುಳ್ಳಿಯೊಂದನ್ನು. ಪಕ್ಕದಲ್ಲಿ ನಿಂತಿದ್ದ ಆ ಊರಿನ ಹಿರಿಯರೊಬ್ಬರು, ಮಾತನಾಡಿದರೂ ಚಿಂತೆಯಿಲ್ಲ, ಹಲಗೆಯ ಮೇಲೆ ಕಾಲು ಸಪ್ಪಳ ಮಾಡಬೇಡಿ ಎಂದು ತಿಳಿಸಿದರು. ಅದು ಮುಳುಗಿದಾಗ ಮಾತ್ರ ಹೆಜ್ಜೆ ಸರಿಸಬೇಕು, ಮೇಲೆ ಬಂದಾಗ ಕಂಬದಂತೆ ನಿಲ್ಲಬೇಕು ಎಂಬುದು ಅವರ ಎರಡನೆಯ ಸೂಚನೆ. ಮರುದಿನ ಬೆಳಕು ಹರಿಯುವ ಮೊದಲೇ ಹೋಗಿ ನಿಂತೆವು. ಅರ್ಧ ಗಂಟೆ ಕಳೆದ ಬಳಿಕ ಅಕ್ಕನ ಹನ್ನೊಂದು ವರ್ಷದ ಮಗಳು ನನ್ನ ತೋಳು ಹಿಡಿದು, "ಮಾವ, ಅಲ್ಲಿ ನೋಡಿ, ಗುಳ್ಳೆ" ಎಂದು ಪಿಸುಗುಟ್ಟಿದಳು. ಗುಳ್ಳೆಗಳ ಸಾಲು ಬಿದ್ದ ಮರವೊಂದನ್ನು ಸುತ್ತಿ ನಮ್ಮ ಕಡೆಗೆ ಬಂತು. ನಾಲ್ಕು ಮಾರು ದೂರದಲ್ಲಿ ಕೊಕ್ಕು ಮೇಲೆದ್ದಿತು. ಅದು ಆಹಾರವನ್ನು ಅರೆಯುವಾಗ ಕೆನ್ನೆಗಳು ಅಲುಗುವುದೂ, ತುಪ್ಪಳದ ಮೇಲೆ ನೀರಿನ ಹನಿಗಳು ಹೊಳೆಯುವುದೂ ಬರಿಗಣ್ಣಿಗೆ ಕಂಡವು. ಮುಳುಗಿ ಏಳುತ್ತ ಅದು ಸುಮಾರು ಇಪ್ಪತ್ತು ನಿಮಿಷ ಆ ಮಡುವಿನಲ್ಲಿತ್ತು. ಅಷ್ಟು ಹೊತ್ತೂ ಅಟ್ಟಣೆಯ ಮೇಲಿದ್ದ ಹತ್ತು ಹನ್ನೆರಡು ಮಂದಿಯಲ್ಲಿ ಒಬ್ಬರೂ ಕಾಲು ಕದಲಿಸಲಿಲ್ಲ.

ಉತ್ತರಕ್ಕೆ ಹೋಗುವವರಿಗೆ ಕೇರ್ನ್ಸ್ ನಗರದ ಮೇಲ್ಗಡೆಯ ಆಥರ್ಟನ್ ಪ್ರಸ್ಥಭೂಮಿಯಲ್ಲಿರುವ ಯಂಗಬುರ ಗ್ರಾಮ ಅನುಕೂಲ. ಊರಂಚಿನಲ್ಲಿಯೇ ಹರಿಯುವ ಪೀಟರ್‌ಸನ್ ತೊರೆಯ ಬಳಿ ನೋಟದ ಕಟ್ಟೆಯಿದೆ. ಈ ತೊರೆಯ ದಡಗಳು ಒಂದು ಕಾಲಕ್ಕೆ ಹಸುಗಳ ಮೇವಿಗಾಗಿ ಬೋಳಾಗಿದ್ದವು. ಸ್ಥಳೀಯ ಸ್ವಯಂಸೇವಕರು 1990ರ ದಶಕದ ಕೊನೆಯಿಂದ ವರ್ಷ ವರ್ಷವೂ ಕಾಡುಮರಗಳ ಸಸಿ ನೆಟ್ಟು, ಬೇರೆಬೇರೆಯಾಗಿದ್ದ ಕಾಡಿನ ತುಣುಕುಗಳನ್ನು ಜೋಡಿಸುವ ಹಸಿರು ಪಟ್ಟಿಯನ್ನು ಬೆಳೆಸಿದ್ದಾರೆ.

ವಿಕ್ಟೋರಿಯ ರಾಜ್ಯದ ಆಟ್ವೇ ಬೆಟ್ಟಗಳಲ್ಲಿ ಎಲಿಜಬೆತ್ ಸರೋವರವಿದೆ. 1952ರ ಭಾರಿ ಮಳೆಗೆ ಗುಡ್ಡ ಕುಸಿದು ಬಾರ್ವನ್ ನದಿಯ ಪೂರ್ವ ಕವಲಿಗೆ ಅಡ್ಡಬಿದ್ದುದರಿಂದ ಹುಟ್ಟಿದ ಸರೋವರವಿದು. ಅಂದು ಮುಳುಗಿದ ಮರಗಳ ಒಣ ಬೊಡ್ಡೆಗಳು ಇಂದಿಗೂ ನೀರಿನ ನಡುವೆ ನಿಂತಿವೆ. ಅವುಗಳ ನಡುವೆ ಮುಂಜಾನೆ ಪ್ಲಾಟಿಪಸ್ ಓಡಾಡುತ್ತದೆ. ಟಾಸ್ಮೇನಿಯದಲ್ಲಿ ಮಾತ್ರ ಹಾಡಹಗಲಿನಲ್ಲಿಯೂ ಅದನ್ನು ಕಾಣುವ ಸಂಭವ ಹೆಚ್ಚು. ಬರ್ನೀ ಪಟ್ಟಣದ ಫರ್ನ್ ಗ್ಲೇಡ್, ಲಟ್ರೋಬ್ ಊರಿನ ಬಳಿಯ ವಾರವೀ ಮೀಸಲು ಅರಣ್ಯ ಅಲ್ಲಿ ಹೆಸರಾದವು. ರಾಜಧಾನಿ ಹೋಬಾರ್ಟಿನಲ್ಲಿ, ಬೆಟ್ಟದಿಂದಿಳಿದು ನಗರದ ನಡುವೆಯೇ ಹಾಯುವ ಪುಟ್ಟ ತೊರೆಯಲ್ಲಿಯೂ ಪ್ಲಾಟಿಪಸ್ಸುಗಳಿವೆ. ಆದರೆ ಆ ತೊರೆಗೆ ನಗರದ ಕಸವೂ ಸೇರುತ್ತದೆ. ಕೂದಲಿಗೆ ಕಟ್ಟುವ ರಬ್ಬರ್ ಬ್ಯಾಂಡಿನಂತಹ ಚಿಕ್ಕ ವಸ್ತು ಕೊರಳಿಗೋ ಮೈಗೋ ಸಿಕ್ಕಿಕೊಂಡರೆ, ಈಜಿದಷ್ಟೂ ಅದು ಚರ್ಮವನ್ನು ಕೊಯ್ಯುತ್ತ ಹೋಗುತ್ತದೆ.

ಇಷ್ಟೆಲ್ಲ ಜಾಗಗಳನ್ನು ಹೆಸರಿಸಿದ ಮಾತ್ರಕ್ಕೆ ಈ ಪ್ರಾಣಿ ಸುರಕ್ಷಿತವೆಂದು ಭಾವಿಸುವಂತಿಲ್ಲ. 2016ರಲ್ಲಿ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದನ್ನು ಅಪಾಯದ ಅಂಚಿಗೆ ಬಂದ ಪ್ರಾಣಿಗಳ ಸಾಲಿಗೆ ಸೇರಿಸಲಾಯಿತು. 2021ರಲ್ಲಿ ವಿಕ್ಟೋರಿಯ ರಾಜ್ಯ ಅದನ್ನು ದುರ್ಬಲ ಸ್ಥಿತಿಯ ಪ್ರಾಣಿಯೆಂದು ಘೋಷಿಸಿತು. ಅಣೆಕಟ್ಟು, ಬರಗಾಲ, ದಡದ ಕಾಡಿನ ನಾಶ ಇವು ದೊಡ್ಡ ಕಾರಣಗಳು. ಚಿಕ್ಕದಾಗಿ ತೋರುವ ಇನ್ನೊಂದು ಕಾರಣವೂ ಇದೆ. ಯಾಬಿ ಎಂಬ ಸಿಹಿನೀರಿನ ಸೀಗಡಿಯನ್ನು ಹಿಡಿಯಲು ಜನರು ಮುಚ್ಚಿದ ಪಂಜರದಂತಹ ಬಲೆಯನ್ನು ನೀರಿಗೆ ಇಳಿಬಿಡುತ್ತಿದ್ದರು. ಅದರೊಳಗೆ ಹೊಕ್ಕ ಪ್ಲಾಟಿಪಸ್ಸಿಗೆ ಹೊರಬರಲು ದಾರಿಯಿಲ್ಲ. ಉಸಿರಿಗಾಗಿ ಮೇಲೇರಲಾಗದೆ ಕೆಲವೇ ನಿಮಿಷಗಳಲ್ಲಿ ಸಾಯುತ್ತದೆ. 2019ರಲ್ಲಿ ವಿಕ್ಟೋರಿಯವೂ 2021ರಲ್ಲಿ ನ್ಯೂ ಸೌತ್ ವೇಲ್ಸೂ ಈ ಬಲೆಯನ್ನು ನಿಷೇಧಿಸಿದವು. ಪ್ಲಾಟಿಪಸ್ಸನ್ನು ಹಿಡಿಯುವುದು, ಕೊಲ್ಲುವುದು ಇವುಗಳಿಗೆ ಕಾನೂನಿನ ತಡೆ ಬಂದು ಶತಮಾನವೇ ಕಳೆದಿತ್ತು. ಕೊಲ್ಲುವ ಉದ್ದೇಶವಿಲ್ಲದ ಕೈಯಿಂದ ಆಗುವ ಸಾವನ್ನು ತಡೆಯಲು ಇನ್ನಷ್ಟು ಕಾಲ ಹಿಡಿಯಿತು.

ಯಂಗೆಲ್ಲದ ಕಾಡಿನಲ್ಲಿಯೇ ಒಂದು ಅಪೂರ್ವ ಕಪ್ಪೆಯಿತ್ತು. ತಾಯಿ ತನ್ನ ಮೊಟ್ಟೆಗಳನ್ನು ನುಂಗಿ, ಹೊಟ್ಟೆಯೊಳಗೇ ಮರಿಗಳನ್ನು ಬೆಳೆಸಿ, ಬಾಯಿಯಿಂದ ಹೊರಬಿಡುತ್ತಿತ್ತು. ವಿಜ್ಞಾನಿಗಳು ಅದನ್ನು ಪತ್ತೆಹಚ್ಚಿದ್ದು 1984ರಲ್ಲಿ. 1985ರ ಅನಂತರ ಅದನ್ನು ಕಂಡವರಿಲ್ಲ. ಶಿಲೀಂಧ್ರ ರೋಗ ಅದಕ್ಕೆ ಕಾರಣವಾಗಿರಬಹುದೆನ್ನುತ್ತಾರೆ. ರಾಷ್ಟ್ರೀಯ ಉದ್ಯಾನದ ಗಡಿಯೊಳಗಿದ್ದೂ ಅದು ಉಳಿಯಲಿಲ್ಲ. ಇದಕ್ಕೆ ಎದುರಾದ ಉದಾಹರಣೆ ಸಿಡ್ನಿಯ ದಕ್ಷಿಣದ ರಾಯಲ್ ರಾಷ್ಟ್ರೀಯ ಉದ್ಯಾನದ್ದು. 1970ರ ದಶಕದಿಂದ ಪ್ಲಾಟಿಪಸ್ ಕಾಣದಾಗಿದ್ದ ಅಲ್ಲಿನ ಹ್ಯಾಕಿಂಗ್ ನದಿಗೆ, 2023ರಲ್ಲಿ ಬೇರೆಡೆಯಿಂದ ತಂದ 10 ಪ್ಲಾಟಿಪಸ್ಸುಗಳನ್ನು ಬಿಟ್ಟರು. ಹೊಳೆಯನ್ನು ಸರಿಪಡಿಸಿದರೆ ಕಳೆದುಹೋದ ಜಾಗವೂ ಮರಳಿ ದಕ್ಕಬಹುದೆಂಬ ನಂಬಿಕೆಯ ಕೆಲಸವದು.

ನಮ್ಮ ಮನೆಗಳ ಎಷ್ಟೋ ಮಕ್ಕಳು ಈಗ ಮೆಲ್ಬರ್ನ್, ಸಿಡ್ನಿ, ಬ್ರಿಸ್ಬೇನ್ ನಗರಗಳಲ್ಲಿ ಓದುತ್ತಿದ್ದಾರೆ, ದುಡಿಯುತ್ತಿದ್ದಾರೆ. ಅವರನ್ನು ನೋಡಲು ಹೋಗುವ ಹಿರಿಯರು ಇಂತಹ ಊರೊಂದರಲ್ಲಿ ಎರಡು ರಾತ್ರಿ ತಂಗುವಂತೆ ಯೋಜಿಸಿಕೊಳ್ಳುವುದು ಒಳಿತು. ಒಂದೇ ಮುಂಜಾವನ್ನು ನಂಬಿ ಹೋದವರಿಗೆ ನಿರಾಶೆಯಾಗಬಹುದು. ಟಾರ್ಚು ಹಾಯಿಸಬಾರದು, ನೀರಿಗೆ ಕಲ್ಲು ಎಸೆಯಬಾರದು, ಹತ್ತಿರ ಬಂದರೂ ಮುಟ್ಟಬಾರದು; ಗಂಡಿನ ಹಿಂಗಾಲಿನ ವಿಷದ ಮುಳ್ಳು ಮನುಷ್ಯನ ಪ್ರಾಣ ತೆಗೆಯದಿದ್ದರೂ ಸಹಿಸಲಾಗದ ನೋವು ಕೊಡುತ್ತದೆ. ಯಾವ ಮಡುವಿನಲ್ಲಿ, ಯಾವ ಹೊತ್ತಿನಲ್ಲಿ ಕಾಯಬೇಕೆಂಬುದನ್ನು ಅಲ್ಲಿಯೇ ಇರುವವರನ್ನು ಕೇಳಿ ತಿಳಿಯಬೇಕು.

ಅಷ್ಟು ದೂರ ಹೋಗಲಾಗದ ಮಕ್ಕಳೂ ಈ ವಿದ್ಯೆಯನ್ನು ಇಲ್ಲಿಯೇ ಅಭ್ಯಾಸ ಮಾಡಬಹುದು. ಕಾವೇರಿಯಲ್ಲಿ, ನೀಲಗಿರಿಯ ಬುಡದಲ್ಲಿ ಹರಿಯುವ ಮೊಯಾರ್ ನದಿಯಲ್ಲಿ ನೀರುನಾಯಿಗಳಿವೆ. ಅವು ಗುಂಪಾಗಿ ಬಾಳುವ, ಸದ್ದು ಮಾಡುವ ಪ್ರಾಣಿಗಳು, ಪ್ಲಾಟಿಪಸ್ಸಿನಷ್ಟು ಸಂಕೋಚದವಲ್ಲ. ಹಿರಿಯರೊಬ್ಬರ ಜೊತೆಗೆ ಹೊಳೆಯಿಂದ ಸುರಕ್ಷಿತ ದೂರದಲ್ಲಿ ಕುಳಿತು, ಕೈಕಾಲು ಆಡಿಸದೆ ಅರ್ಧ ಗಂಟೆ ನೀರನ್ನು ನೋಡುವುದು ಮೊದಲ ಪಾಠ. ಎಲ್ಲಿ ಕುಳಿತುಕೊಳ್ಳಬೇಕೆಂಬುದನ್ನು ಆ ದಡದಲ್ಲಿ ಬಲೆ ಬೀಸುವವರನ್ನೋ ದನ ಮೇಯಿಸುವವರನ್ನೋ ಕೇಳಿದರೆ ಅವರೇ ತೋರಿಸುತ್ತಾರೆ.